ಒಂದೇ ಹೆಬ್ಬೆಟ್ಟು, ಎರಡು ಬೆಲೆ

ನನ್ನ ತಮ್ಮನಿಗೆ ಮೂವತ್ತೊಂದು ವರ್ಷ. ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ ಎರಡು ಎಮ್ಮೆ ಕಾಯುತ್ತಾನೆ. ಯಾವ ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಯಾವುದು ಹಳ್ಳದ ನೀರನ್ನು ಮೂಸಿ ನೋಡಿ ಬಿಟ್ಟುಬಿಡುತ್ತದೆ ಎಂಬುದೆಲ್ಲ ಅವನಿಗೆ ಗೊತ್ತು. ಇಪ್ಪತ್ತರ ತನಕ ಎಣಿಸುತ್ತಾನೆ. ಓದು ಬರಹ ಬಾರದು, ಮಾತು ಕಡಿಮೆ. ಅಂಗವಿಕಲರ ಗುರುತಿಗೆಂದು ಸರ್ಕಾರ ಕೊಟ್ಟ ಯುಡಿಐಡಿ ಕಾರ್ಡಿನಲ್ಲಿ ಅವನದು ಬೌದ್ಧಿಕ ಅಂಗವೈಕಲ್ಯ. ಊರಿನಲ್ಲಿ ಅದಕ್ಕೆ ಬೇರೆ ಹೆಸರುಗಳಿವೆ, ಇಲ್ಲಿ ಬರೆಯುವುದಿಲ್ಲ.

ಹೋದ ವರ್ಷ ಎರಡೇ ತಿಂಗಳ ಅಂತರದಲ್ಲಿ ಅವನ ಹೆಬ್ಬೆಟ್ಟಿಗೆ ಎರಡು ಬೆಲೆ ಕಟ್ಟಿದ್ದನ್ನು ಕಂಡೆ. ಮೊದಲನೆಯದು ಬ್ಯಾಂಕಿನಲ್ಲಿ. ಮಾಸಾಶನ ಬಂದು ಬೀಳುವ ಅವನ ಖಾತೆಯಿಂದ ಎರಡು ಸಾವಿರ ರೂಪಾಯಿ ತೆಗೆಯಬೇಕಿತ್ತು. ಮೇಜಿನ ಮುಂದಿದ್ದದ್ದು ಒಂದೇ ಕುರ್ಚಿ. ನಾನು ಕುಳಿತೆ, ತಮ್ಮ ನನ್ನ ಬೆನ್ನ ಹಿಂದೆ ನಿಂತ. ದುಡ್ಡು ಯಾತಕ್ಕೆ ಎಂದು ಕೇಳಿದ್ದು ನನ್ನನ್ನು, ಉತ್ತರ ಕೊಟ್ಟದ್ದೂ ನಾನೇ. 'ಇವರಿಗೆ ತಿಳಿಯುವುದಿಲ್ಲವಲ್ಲ ಮೇಡಂ, ಗಾರ್ಡಿಯನ್ ಪತ್ರ ಮಾಡಿಸಿಕೊಂಡು ಬನ್ನಿ' ಎಂದು ಫಾರಂ ಅನ್ನು ಹಿಂದಕ್ಕೆ ಸರಿಸಿದರು.

ಎರಡನೆಯದು ಪತ್ರ ಬರಹಗಾರರೊಬ್ಬರ ಅಂಗಡಿಯಲ್ಲಿ. ಅವ್ವ ಮೊದಲೇ ಹೋಗಿದ್ದಳು, ಅಪ್ಪ ತೀರಿಕೊಂಡು ವರ್ಷವಾಗಿತ್ತು. ಒಂಬತ್ತು ಎಕರೆ ಹೊಲ. ಅಣ್ಣ, ನಾನು, ತಮ್ಮ ಎಂದು ಮೂರು ಪಾಲು. ತಮ್ಮನ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ ಟೈಪ್ ಆಗಿ ಸಿದ್ಧವಾಗಿತ್ತು. ಅಲ್ಲಿ ಯಾರೂ ಗಾರ್ಡಿಯನ್ ಪತ್ರ ಕೇಳಲಿಲ್ಲ. ಅವನಿಗೆ ತಿಳಿಯುತ್ತದೆಯೋ ಇಲ್ಲವೋ ಎಂಬ ಮಾತೇ ಏಳಲಿಲ್ಲ. ಶಾಯಿಯ ಪ್ಯಾಡು ಮುಂದೆ ಬಂತು, ತಮ್ಮ ಕೈ ನೀಡಿದ. ನನಗೆ ಏನನ್ನಿಸಿತೋ, 'ಇದಕ್ಕೆ ಒತ್ತಿದರೆ ಏನಾಗುತ್ತದೆ?' ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: 'ಅಣ್ಣ ಬೈಯುವುದಿಲ್ಲ.'

ಅಂದು ಒತ್ತುವುದು ನಿಂತಿತು. ಅಣ್ಣನಿಗೆ ಸಿಟ್ಟು ಬಂತು, ಅದನ್ನು ಆಮೇಲೆ ಹೇಳುತ್ತೇನೆ.

ಎರಡು ಸಾವಿರ ರೂಪಾಯಿ ತೆಗೆಯಲು ನಡೆಯದ ಹೆಬ್ಬೆಟ್ಟು ಮೂರು ಎಕರೆ ಬಿಟ್ಟುಕೊಡಲು ಹೇಗೆ ನಡೆಯುತ್ತದೆ? ವಕೀಲರ ಭಾಷೆಯಲ್ಲಿ ಈ ಪ್ರಶ್ನೆಗೆ 'ಕಾನೂನು ಸಾಮರ್ಥ್ಯ' ಎಂದು ಹೆಸರು. ಅದರಲ್ಲಿ ಎರಡು ತುಂಡುಗಳಿವೆ. ಹಕ್ಕು ನಮ್ಮ ಹೆಸರಿನಲ್ಲಿ ಇರುವುದು ಒಂದು, ಆ ಹಕ್ಕನ್ನು ನಾವೇ ಚಲಾಯಿಸುವುದು ಇನ್ನೊಂದು. ಪಹಣಿಯಲ್ಲಿ ಹೆಸರಿದ್ದರೆ ಮೊದಲನೆಯದು ಸಿಕ್ಕಂತೆ. ಆ ಹೊಲವನ್ನು ಮಾರುವುದು, ಉಳಿಸಿಕೊಳ್ಳುವುದು, ಅದರ ಮೇಲೆ ಸಾಲ ಎತ್ತುವುದು, ತೊಗರಿಯನ್ನು ಈ ವಾರ ಮಾರುಕಟ್ಟೆಗೆ ಹಾಕುವುದೋ ದರ ಏರುವ ತನಕ ಕಾಯುವುದೋ ಎಂದು ತೀರ್ಮಾನಿಸುವುದು ಎರಡನೆಯದು. ಅಂಗವಿಕಲರಿಗೆ, ಅದರಲ್ಲೂ ಬುದ್ಧಿಗೆ ಮನಸ್ಸಿಗೆ ಸಂಬಂಧಿಸಿದ ಅಂಗವೈಕಲ್ಯ ಇರುವವರಿಗೆ, ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಬೇರೆಯವರ ಕೈಗೆ ಒಪ್ಪಿಸುವುದು ಬಹುತೇಕ ದೇಶಗಳ ಹಳೆಯ ರೂಢಿ.

ನಮ್ಮಲ್ಲಂತೂ ಈ ರೂಢಿಗೆ ಊರಿನ ನಂಟೇ ಇದೆ. ಹಿಂದೂ ಕುಟುಂಬದ ಆಸ್ತಿ ಹಂಚಿಕೆಯನ್ನು ಶತಮಾನಗಳ ಕಾಲ ಆಳಿದ ಮಿತಾಕ್ಷರ ಎಂಬ ಗ್ರಂಥ ಹುಟ್ಟಿದ್ದು ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಅದನ್ನು ಬರೆದ ವಿಜ್ಞಾನೇಶ್ವರನ ಊರು ಕಲಬುರಗಿ ಜಿಲ್ಲೆಯ ಮರತೂರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆತ ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಅದರ ಒಂದು ಶ್ಲೋಕ ಕುಂಟರು, ಕುರುಡರು, ಉನ್ಮತ್ತರು, ಜಡರು ಮುಂತಾದವರನ್ನು ಪಟ್ಟಿ ಮಾಡಿ ಎರಡು ಪದಗಳಲ್ಲಿ ತೀರ್ಪು ಕೊಡುತ್ತದೆ. ಅವರು 'ಭರ್ತವ್ಯ'ರು, ಸಾಕಬೇಕಾದವರು. ಆದರೆ 'ನಿರಂಶಕ'ರು, ಪಾಲಿಲ್ಲದವರು. ವಿಜ್ಞಾನೇಶ್ವರ ಇದನ್ನು ಕೊಂಚ ಸಡಿಲಿಸಿದ ಎಂಬುದನ್ನೂ ಹೇಳಬೇಕು. ಔಷಧಿಯಿಂದ ದೋಷ ವಾಸಿಯಾದರೆ ಹಂಚಿಕೆಯ ನಂತರವೂ ಪಾಲು ಸಲ್ಲುತ್ತದೆ ಎಂದ. ಅಂಥವರ ಮಕ್ಕಳಿಗೆ ದೋಷವಿಲ್ಲದಿದ್ದರೆ ಅವರಿಗೆ ಪಾಲು ಸಲ್ಲುತ್ತದೆ ಎಂದು ಸ್ಮೃತಿಯೇ ಹೇಳಿತ್ತು. ಆದರೂ ಮೂಲ ನಿಯಮ ನಿಂತಿತು. ಬ್ರಿಟಿಷ್ ಭಾರತದಲ್ಲಿ 1928ರ ಕಾಯ್ದೆ ಅದನ್ನು ಬಹುಮಟ್ಟಿಗೆ ತೆಗೆದುಹಾಕಿದರೂ ಹುಟ್ಟಿನಿಂದ ಬುದ್ಧಿ ಬೆಳೆಯದವರನ್ನು ಹೊರಗೇ ಇಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೆಯ ಕಲಂ ಬಂದ ಮೇಲಷ್ಟೇ ಯಾವ ರೋಗ, ಊನ, ವಿಕಾರದ ಕಾರಣಕ್ಕೂ ವಾರಸುದಾರಿಕೆ ತಪ್ಪಿಸುವಂತಿಲ್ಲ ಎಂದಾಯಿತು.

ಕಲಂ ಹೋಯಿತು, ಮನಸ್ಸಿನ ಲೆಕ್ಕ ಹೋಗಲಿಲ್ಲ. ಪತ್ರ ಬರಹಗಾರರ ಅಂಗಡಿಯಿಂದ ಹೊರಬಂದ ಮೇಲೆ ಅಣ್ಣ ನನಗೆ ಕೇಳಿದ್ದು ಇದನ್ನೇ: 'ಅವನ ತುತ್ತಿಗೆ ಯಾವತ್ತಾದರೂ ಕಡಿಮೆ ಮಾಡಿದ್ದೇನೆಯೇನವ್ವ? ಸಾಯುವ ತನಕ ನೋಡಿಕೊಳ್ಳುವವನು ನಾನಲ್ಲವೇ?' ಅಣ್ಣ ಸುಳ್ಳು ಹೇಳುವವನಲ್ಲ. ತಮ್ಮನಿಗೆ ಜ್ವರ ಬಂದರೆ ಬೈಕಿನಲ್ಲಿ ಕೂರಿಸಿಕೊಂಡು ಕಲಬುರಗಿಗೆ ಓಡುವವನು ಅವನೇ. ಆದರೆ ಆ ಮಾತಿನಲ್ಲಿ ಭರ್ತವ್ಯವೂ ಇತ್ತು, ನಿರಂಶಕವೂ ಇತ್ತು. ಒಂಬೈನೂರು ವರ್ಷದ ಹಿಂದಿನ ಪಂಡಿತನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಓದಿಲ್ಲ, ಬಾಯಿಪಾಠ ಮಾತ್ರ ಎಲ್ಲರಿಗೂ ಇದೆ.

ಈ ಲೆಕ್ಕವನ್ನು ಅಲುಗಾಡಿಸಿದ್ದು ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ. 2006ರ ಡಿಸೆಂಬರಿನಲ್ಲಿ ಅಂಗೀಕಾರವಾದ ಅದನ್ನು ಭಾರತ 2007ರಲ್ಲಿ ಸ್ಥಿರೀಕರಿಸಿತು. ಅದರ 12ನೆಯ ವಿಧಿ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತದೆ. ಹಳೆಯ ಕಾನೂನಿನ ಪ್ರಶ್ನೆ 'ಇವನಿಗೆ ನಿರ್ಧರಿಸಲು ಬರುತ್ತದೆಯೇ?' ಎಂದಿತ್ತು. ಬರುವುದಿಲ್ಲ ಎಂದಾದರೆ ಬೇರೆಯವರು ನಿರ್ಧರಿಸಿದರು, ಮುಗಿಯಿತು. ಹೊಸ ಪ್ರಶ್ನೆ 'ಇವನು ನಿರ್ಧರಿಸಲು ಯಾವ ನೆರವು ಬೇಕು?' ಎಂಬುದು. ನೆರವು ಕೊಡುವುದು ಸರ್ಕಾರದ ಹೊಣೆ, ನಿರ್ಧಾರ ಅವನದು. ಒಬ್ಬನ ಬುದ್ಧಿಶಕ್ತಿ ಹೆಚ್ಚು ಕಡಿಮೆ ಇರಬಹುದು, ಅದನ್ನು ನೆಪ ಮಾಡಿಕೊಂಡು ಕಾನೂನು ಸಾಮರ್ಥ್ಯವನ್ನು ಕಸಿಯುವಂತಿಲ್ಲ ಎಂದು ಒಡಂಬಡಿಕೆಯ ಸಮಿತಿ 2014ರಲ್ಲಿ ಬಿಡಿಸಿ ಹೇಳಿತು. ಅವನ 'ಹಿತ' ಯಾವುದೆಂದು ನಾವು ಊಹಿಸುವ ಬದಲು ಅವನ 'ಇಷ್ಟ' ಯಾವುದೆಂದು ಅರ್ಥಮಾಡಿಕೊಳ್ಳಿ ಎಂಬುದು ಅದರ ತಾತ್ಪರ್ಯ.

ಇದನ್ನು ಕೇಳಿದಾಗ ಪುಸ್ತಕದ ಬದನೆಕಾಯಿ ಎಂದು ನನಗೂ ಅನ್ನಿಸಿತ್ತು. ಆದರೆ ನೆರವಿನೊಂದಿಗೆ ನಿರ್ಧಾರ ಎಂಬುದನ್ನು ನಾವೆಲ್ಲ ಮತಗಟ್ಟೆಯಲ್ಲಿ ಕಣ್ಣಾರೆ ಕಂಡಿದ್ದೇವೆ. ಕಣ್ಣು ಕಾಣದ ಮತದಾರರ ಜೊತೆ ಹದಿನೆಂಟು ತುಂಬಿದ ಒಬ್ಬ ಸಂಗಾತಿ ಒಳಗೆ ಹೋಗಬಹುದು. ಗುಂಡಿ ಒತ್ತುವುದು ಸಂಗಾತಿಯ ಬೆರಳು, ಮತ ಮಾತ್ರ ಅಜ್ಜನದು. ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಸಂಗಾತಿ ಬರೆದುಕೊಡಬೇಕು, ಅದೇ ದಿನ ಇನ್ನೊಬ್ಬರಿಗೆ ಸಂಗಾತಿಯಾಗುವಂತಿಲ್ಲ. 'ಅಜ್ಜನಿಗೆ ಕಣ್ಣಿಲ್ಲ, ಆದ್ದರಿಂದ ಅವನ ಮತವನ್ನು ಮೊಮ್ಮಗ ತನಗೆ ಬೇಕಾದವರಿಗೆ ಹಾಕಲಿ' ಎಂದು ಯಾರೂ ಹೇಳುವುದಿಲ್ಲ. ನೆರವು, ಗುಟ್ಟು, ನೆರವಿನ ದುರುಪಯೋಗಕ್ಕೆ ತಡೆ, ಮೂರೂ ಅಲ್ಲಿವೆ. ಇದೇ ಬಿಗಿಯನ್ನು ಹೊಲ, ಹಣ, ಆಸ್ಪತ್ರೆಗೂ ಹಾಕಿ ನೋಡಿ ಎನ್ನುತ್ತದೆ ಹೊಸ ಕಾನೂನು. ಅಂದಹಾಗೆ, ನನ್ನ ತಮ್ಮನಿಗೂ ಮತವಿದೆ. ಚಿತ್ತಸ್ವಾಸ್ಥ್ಯ ಇಲ್ಲವೆಂದು ಸಕ್ಷಮ ನ್ಯಾಯಾಲಯವೇ ಘೋಷಿಸದ ಹೊರತು ಆ ಕಾರಣಕ್ಕೆ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಬರುವುದಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಆಧಾರ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರ 13ನೆಯ ಕಲಂ ಅನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಈಗ ಪುಟ ತಾನಾಗಿಯೇ ತೆರೆದುಕೊಳ್ಳುತ್ತದೆ. ಆಸ್ತಿ ಹೊಂದುವ, ವಾರಸಾಗಿ ಪಡೆಯುವ, ಹಣಕಾಸನ್ನು ತಾವೇ ನೋಡಿಕೊಳ್ಳುವ, ಬ್ಯಾಂಕ್ ಸಾಲ ಪಡೆಯುವ ಹಕ್ಕು ಅಂಗವಿಕಲರಿಗೆ ಇತರರಷ್ಟೇ ಇದೆ ಎಂದು ಅದು ಶುರುವಾಗುತ್ತದೆ. ಬದುಕಿನ ಎಲ್ಲ ವ್ಯವಹಾರಗಳಲ್ಲೂ ಸಮಾನ ಕಾನೂನು ಸಾಮರ್ಥ್ಯ ಇದೆ ಎನ್ನುತ್ತದೆ. ಆಮೇಲೆ ಬರುವುದು ನೆರವು ಕೊಡುವವರಿಗೆ ಹಾಕಿದ ಮೂಗುದಾರ. ನೆರವಿನ ಹೆಸರಿನಲ್ಲಿ ಒತ್ತಡ ಹೇರುವಂತಿಲ್ಲ. ಅವರ ಸ್ವಾತಂತ್ರ್ಯ, ಘನತೆ, ಗುಟ್ಟನ್ನು ಗೌರವಿಸಬೇಕು. ನೆರವಿಗೆ ನಿಂತವರನ್ನು ಬಿಟ್ಟು ಬೇರೊಬ್ಬರನ್ನು ಆರಿಸಿಕೊಳ್ಳುವ ಹಕ್ಕು ಅಂಗವಿಕಲರಿಗಿದೆ, ಆದರೆ ಅಷ್ಟರೊಳಗೆ ಮೂರನೆಯವರೊಂದಿಗೆ ಆಗಿಹೋದ ವ್ಯವಹಾರ ಅದರಿಂದ ರದ್ದಾಗುವುದಿಲ್ಲ. ಮತ್ತು ಯಾವುದೋ ಒಂದು ಹಣಕಾಸಿನ, ಆಸ್ತಿಯ ವ್ಯವಹಾರದಲ್ಲಿ ನೆರವು ಕೊಡುವವರಿಗೇ ಸ್ವಾರ್ಥ ಅಡ್ಡಬಂದರೆ ಆ ವ್ಯವಹಾರದ ಮಟ್ಟಿಗೆ ಅವರು ದೂರ ಸರಿಯಬೇಕು. ರಕ್ತಸಂಬಂಧಿ ಎಂದ ಮಾತ್ರಕ್ಕೆ ಸ್ವಾರ್ಥವಿದೆ ಎಂದು ಎಣಿಸಬಾರದು ಎಂಬ ಮಾತೂ ಜೊತೆಗಿದೆ.

ಸ್ವಾರ್ಥದ ಈ ಮಾತು ನನ್ನ ಕಾಲಿಗೇ ತೊಡರಿತು. ಅಣ್ಣನನ್ನು ತಡೆದವಳು ನಾನು. ಆದರೆ ಒಂಬತ್ತು ಎಕರೆಯಲ್ಲಿ ನನ್ನದೂ ಪಾಲಿದೆ. ತಮ್ಮನಿಗೆ ಯಾವ ತುಂಡು ಹೋಗುತ್ತದೆ ಎಂಬುದರ ಮೇಲೆ ನನಗೆ ಯಾವುದು ಉಳಿಯುತ್ತದೆ ಎಂಬುದು ನಿಂತಿದೆ. ಹಾಗಾಗಿ ನಾನೂ ಸರಿದೆ. ಪಾಲಿಗೂ ತನಗೂ ಸಂಬಂಧವಿಲ್ಲದ, ತಮ್ಮನಿಗೆ ಬಹಳ ಇಷ್ಟವಾದ ನಮ್ಮ ಸೋದರಮಾವನನ್ನು ಕರೆಸಿದೆವು.

ನೆರವು ಎಂದರೆ ಏನೆಂಬುದನ್ನು ನಾನು ಕಲಿತದ್ದು ಮಾವನಿಂದ. ಅವರಿಗೆ ಕಲಂ ಗಿಲಂ ಗೊತ್ತಿಲ್ಲ. ಮೊದಲ ದಿನ ಮನೆಯಲ್ಲಿ ಕೂತು 'ಮೂರು ಪಾಲು ಮಾಡುತ್ತೇವೆ, ನಿನಗೊಂದು' ಎಂದರು. ತಮ್ಮ ಹೂಂ ಎಂದ. ಅವನು ಎಲ್ಲದಕ್ಕೂ ಹೂಂ ಎನ್ನುತ್ತಾನೆ, ಅದು ಬೇಗ ಬಿಟ್ಟುಬಿಡಲಿ ಎಂಬ ಹೂಂ. ಮಾವ ಅದನ್ನು ನಂಬಲಿಲ್ಲ. ಮರುದಿನ ನಸುಕಿನಲ್ಲಿ, ಎಮ್ಮೆ ಬಿಡುವ ಹೊತ್ತಿಗೆ, ಅವನ ಜೊತೆ ಹೊಲಕ್ಕೆ ನಡೆದರು. ಬದುವಿನಿಂದ ಬದುವಿಗೆ ಹೆಜ್ಜೆ ಹಾಕಿಸಿದರು. ಮೂರು ತುಂಡಿಗೂ ಒಂದೊಂದು ಕೋಲು ನೆಟ್ಟು, ಒಂದಕ್ಕೆ ಅಣ್ಣನ ಟವೆಲು, ಒಂದಕ್ಕೆ ನನ್ನ ಹಳೆಯ ಸೀರೆಯ ಚೂರು ಕಟ್ಟಿದರು. ಮೂರನೆಯ ಕೋಲನ್ನು ಖಾಲಿ ಬಿಟ್ಟರು. ತಮ್ಮ ತನ್ನ ತಲೆಯ ರುಮಾಲು ಬಿಚ್ಚಿ ಅದಕ್ಕೆ ಕಟ್ಟಿದ. ಆಮೇಲೆ ಕೋಲುಗಳನ್ನು ಅದಲುಬದಲು ಮಾಡಿ ಕೇಳಿದರು. ಮೂರು ದಿನ ಬಿಟ್ಟು ಮತ್ತೆ ಕೇಳಿದರು. ಅಣ್ಣ ಎದುರಿಗಿದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ. 'ಇದನ್ನು ಅಣ್ಣನಿಗೆ ಕೊಟ್ಟುಬಿಟ್ಟರೆ ನಾಳೆ ಇಲ್ಲಿ ಎಮ್ಮೆ ಕಟ್ಟುವುದಕ್ಕೆ ಅಣ್ಣನನ್ನು ಕೇಳಬೇಕು, ಆಗಬಹುದೇ?' ಎಂದಾಗ ತಮ್ಮ ಮೊದಲ ಬಾರಿ ಬೇಡ ಎಂದ.

ಅವನು ಪ್ರತಿ ಸಲವೂ ಬೇಕೆಂದದ್ದು ಬೇವಿನ ಮರ ಇರುವ ಬಡಗಣ ತುಂಡನ್ನು. ಅದು ಫಲ ಕಡಿಮೆ ಕೊಡುವ ಮರಡಿ ನೆಲ. ಉಳಿದದ್ದು ಕಪ್ಪು ಎರೆ, ತೊಗರಿ ಎದೆಯೆತ್ತರ ಬೆಳೆಯುವಂಥದ್ದು. ಊರಿನವರು ನಕ್ಕರು. 'ನೋಡಿದೆಯಾ, ತಿಳಿಯುವುದಿಲ್ಲ ಎಂದೆವಲ್ಲ' ಎಂದರು. ಬೇವಿನ ನೆರಳಿನಲ್ಲಿ ಎಮ್ಮೆ ಮಲಗುತ್ತವೆ, ಅವನಿಗೆ ಬೇಕಾದದ್ದು ಅಷ್ಟು.

ಈ ವಿಷಯದ ಅತಿ ಸೂಕ್ಷ್ಮ ಜಾಗ ಇದೇ. ನಮಗೆ ತಪ್ಪೆಂದು ಕಾಣುವ ನಿರ್ಧಾರ ತಿಳಿವಳಿಕೆ ಇಲ್ಲದ್ದಕ್ಕೆ ಸಾಕ್ಷಿಯೇ? ಚಿಕಿತ್ಸೆಯ ಮಟ್ಟಿಗೆ ನಮ್ಮ ಕಾನೂನು ಇದಕ್ಕೆ ನೇರವಾಗಿ ಉತ್ತರಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೆಯ ಕಲಂ ಪ್ರಕಾರ, ಒಬ್ಬರ ನಿರ್ಧಾರ ಇತರರಿಗೆ ಅನುಚಿತ ಅಥವಾ ತಪ್ಪು ಎಂದು ತೋರಿದ ಮಾತ್ರಕ್ಕೆ ಅವರಿಗೆ ನಿರ್ಧರಿಸುವ ಸಾಮರ್ಥ್ಯವಿಲ್ಲ ಎಂದಾಗುವುದಿಲ್ಲ. ಆಡುವ ಮಾತಷ್ಟೇ ಅಲ್ಲ, ಸನ್ನೆಯಿಂದ ತಿಳಿಸಿದರೂ ಅದು ತಿಳಿಸಿದಂತೆಯೇ. ಸುಪ್ರೀಂ ಕೋರ್ಟ್ 2009ರಲ್ಲಿ ಚಂಡೀಗಡದ ಪ್ರಕರಣವೊಂದರಲ್ಲಿ ಇದೇ ದಾರಿ ಹಿಡಿದಿತ್ತು. ಸರ್ಕಾರಿ ಆಶ್ರಯದಲ್ಲಿದ್ದ, ಅತ್ಯಾಚಾರದಿಂದ ಗರ್ಭಿಣಿಯಾಗಿದ್ದ, ಬೌದ್ಧಿಕ ಅಂಗವೈಕಲ್ಯದ ಹೆಣ್ಣುಮಗಳೊಬ್ಬಳು ಮಗು ಬೇಕೆಂದಿದ್ದಳು. ಅವಳ ಒಪ್ಪಿಗೆಯಿಲ್ಲದೆ ಗರ್ಭ ತೆಗೆಸಲಾಗದು ಎಂದು ನ್ಯಾಯಾಲಯ ಹೇಳಿತು. ಎರೆ ಹೊಲ ಇರುವ ಎಷ್ಟು ಜನ ಬುದ್ಧಿವಂತರು ಮದುವೆ ಮುಂಜಿಗೆ ಸಾಲ ಮಾಡಿ ಹೊಲ ಕಳೆದುಕೊಂಡಿಲ್ಲ? ಅವರ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ.

ಹಾಗೆಂದು ಅವನು ಒತ್ತಿದ್ದೆಲ್ಲ ನಡೆಯುತ್ತದೆ ಎಂದೂ ಅಲ್ಲ. 1872ರ ಕರಾರು ಕಾಯ್ದೆ ಈಗಲೂ ಸ್ವಸ್ಥಚಿತ್ತದ ಮಾತಾಡುತ್ತದೆ. ಆದರೆ ಅದರ 12ನೆಯ ಕಲಂ ನೋಡುವುದು ಕರಾರು ಮಾಡಿಕೊಂಡ ಆ ಹೊತ್ತಿನಲ್ಲಿ ಆ ವ್ಯವಹಾರ ತಿಳಿದಿತ್ತೇ, ತನಗೆ ಅದರಿಂದಾಗುವ ಲಾಭ ನಷ್ಟವನ್ನು ತೂಗಲು ಆಗುತ್ತಿತ್ತೇ ಎಂಬುದನ್ನು. ಕಾರ್ಡಿನಲ್ಲಿ ಶೇಕಡಾ ಎಷ್ಟು ಎಂದು ಬರೆದಿದೆ ಎಂಬುದನ್ನಲ್ಲ. 'ಅಣ್ಣ ಬೈಯುವುದಿಲ್ಲ' ಎಂದು ಒತ್ತುವ ಹೆಬ್ಬೆಟ್ಟು ಈ ಪರೀಕ್ಷೆಯಲ್ಲಿ ಬೀಳುತ್ತದೆ. ನಾಲ್ಕು ಸಲ ಹೊಲ ಸುತ್ತಿ ರುಮಾಲು ಕಟ್ಟಿದವನ ಹೆಬ್ಬೆಟ್ಟು ನಿಲ್ಲುವ ಸಾಧ್ಯತೆ ಹೆಚ್ಚು. 'ಯಾರಾದರೂ ಮೋಸ ಮಾಡಿದರೆ' ಎಂಬ ಭಯಕ್ಕೂ ಇದೇ ಉತ್ತರ. ಮೋಸಕ್ಕೆ, ಅನುಚಿತ ಒತ್ತಡಕ್ಕೆ ಮದ್ದು ಎಲ್ಲರಿಗೂ ಇರುವ ಕಾನೂನಿನಲ್ಲೇ ಇದೆ. ಮೋಸ ಆದೀತೆಂದು ಮೊದಲೇ ಕೈ ಕಟ್ಟಿಹಾಕಿದರೆ ಕಟ್ಟಿದವನೇ ಮೋಸ ಮಾಡುವಾಗ ನೋಡುವವರು ಯಾರು?

ಈಗ ಗಾರ್ಡಿಯನ್ ವಿಚಾರ. ಇಲ್ಲಿ ಜನ ಎಡವುವುದು ಒಂದು ಸಣ್ಣ ಸಂಗತಿಯಲ್ಲಿ. ಮಗ ಅಥವಾ ಮಗಳಿಗೆ ಹದಿನೆಂಟು ತುಂಬಿದ ದಿನ ತಂದೆತಾಯಿಯ ಸಹಜ ಗಾರ್ಡಿಯನ್ ಪಟ್ಟ ಮುಗಿಯುತ್ತದೆ, ಅಂಗವೈಕಲ್ಯ ಇರಲಿ ಇಲ್ಲದಿರಲಿ. ಆಮೇಲೂ ಗಾರ್ಡಿಯನ್ ಬೇಕೆಂದರೆ ಎರಡು ಬಾಗಿಲುಗಳಿವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ. ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವಿಕಲರೊಬ್ಬರು ಅದರಲ್ಲಿರುತ್ತಾರೆ. ಇತರರಿಗೆ 2016ರ ಕಾಯ್ದೆಯ 14ನೆಯ ಕಲಂ, ಅಂದರೆ ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಸೂಚಿಸಿದ ಪ್ರಾಧಿಕಾರ. ಮನೋರೋಗ ಇರುವವರ ಆಸ್ತಿ ವಿಚಾರಕ್ಕೆ ಇದೇ ಬಾಗಿಲು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ನಿರ್ಧಾರಗಳಿಗೆ ನೆರವಾಗುವ ನಾಮನಿರ್ದೇಶಿತ ಪ್ರತಿನಿಧಿಯನ್ನು ಕೊಡುತ್ತದೆ, ಆ ಪ್ರತಿನಿಧಿಗೆ ಹೊಲಮನೆಯ ಮೇಲೆ ಅಧಿಕಾರವಿಲ್ಲ.

ಆದರೆ ಬಾಗಿಲಿನ ಒಳಗಿರುವುದು ಜನ ಅಂದುಕೊಂಡದ್ದಲ್ಲ. 14ನೆಯ ಕಲಂ ಕೊಡುವುದು 'ಸೀಮಿತ' ಗಾರ್ಡಿಯನ್ನನ್ನು, ಅದೂ ಸಾಕಷ್ಟು ನೆರವು ಕೊಟ್ಟ ಮೇಲೂ ಕಾನೂನಿಗೆ ಒಪ್ಪುವ ನಿರ್ಧಾರ ಆಗದಿದ್ದಾಗ ಮಾತ್ರ. ಅದು ಇಬ್ಬರೂ ಸೇರಿ ನಿರ್ಧರಿಸುವ ಏರ್ಪಾಡು. ಇಂಥ ಕೆಲಸಕ್ಕೆ, ಇಂತಿಷ್ಟು ಅವಧಿಗೆ ಎಂದು ಗೆರೆ ಎಳೆದಿರಬೇಕು, ಅಂಗವಿಕಲರ ಇಚ್ಛೆಯಂತೆಯೇ ನಡೆಯಬೇಕು. ಬೇರೆ ಯಾವ ಕಾನೂನಿನಡಿ ಮೊದಲೇ ನೇಮಕವಾದ ಗಾರ್ಡಿಯನ್ ಕೂಡ ಈ ಕಾಯ್ದೆ ಬಂದ ದಿನದಿಂದ ಸೀಮಿತ ಗಾರ್ಡಿಯನ್ನೇ. ಅಗತ್ಯವಿರುವವರಿಗೆ, ಅಥವಾ ಸೀಮಿತ ಗಾರ್ಡಿಯನ್ ಮತ್ತೆ ಮತ್ತೆ ಬೇಕಾಗುವವರಿಗೆ, ಪೂರ್ಣ ನೆರವು ಕೊಡಲು ಅವಕಾಶವಿದೆ, ಆಗ ನ್ಯಾಯಾಲಯ ಅಥವಾ ಪ್ರಾಧಿಕಾರ ಅದನ್ನು ಮರುಪರಿಶೀಲಿಸಬೇಕು. ನ್ಯಾಷನಲ್ ಟ್ರಸ್ಟ್ ಸಮಿತಿಯೂ ಗಾರ್ಡಿಯನ್ ಬೇಕೇ, ಬೇಕಾದರೆ ಯಾವ ಕೆಲಸಕ್ಕೆ ಎಂದು ಮೊದಲು ನೋಡಬೇಕು. ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಕಡೆಗಣಿಸಿದರೆ, ದುಡ್ಡು ನುಂಗಿದರೆ ತೆಗೆದುಹಾಕಬಹುದು.

ಪೆರು ದೇಶ 2018ರಲ್ಲಿ ವಯಸ್ಕ ಅಂಗವಿಕಲರ ಮೇಲಿನ ಗಾರ್ಡಿಯನ್ ಪದ್ಧತಿಯನ್ನೇ ತೆಗೆದು ನೆರವಿನ ಪದ್ಧತಿ ತಂದಿತು. ನಮ್ಮದು ಅರ್ಧ ದಾರಿ. 13ನೆಯ ಕಲಂ ನೆರವಿನ ಮಾತಾಡುತ್ತದೆ, ಆದರೆ ಆ ನೆರವನ್ನು ಯಾವ ಕಾಗದದಲ್ಲಿ ಬರೆಯಬೇಕು, ಯಾರು ಮೊಹರು ಹಾಕಬೇಕು ಎಂದು ಬಿಡಿಸಿ ಹೇಳುವುದಿಲ್ಲ. ಮೊಹರಿಲ್ಲದ ಕಾಗದವನ್ನು ಕಚೇರಿಗಳು ಮುಟ್ಟುವುದಿಲ್ಲ. ಆದ್ದರಿಂದ ನೆರವು ಸಾಕಾಗುವವರೂ ಗಾರ್ಡಿಯನ್ ಪತ್ರಕ್ಕೆ ಸಾಲು ನಿಲ್ಲುತ್ತಾರೆ. ನನ್ನ ಮಟ್ಟಿಗೆ ಇದು ಕಾಯ್ದೆಯ ದೊಡ್ಡ ತೂತು.

ಕಣ್ಣು ಕಾಣದವರು, ಕಿವಿ ಕೇಳದವರ ವಿಷಯದಲ್ಲಂತೂ ಗಾರ್ಡಿಯನ್ ಕೇಳುವುದು ಶುದ್ಧ ತಪ್ಪು. ದೃಷ್ಟಿಹೀನರಿಗೆ ಚೆಕ್‌ಬುಕ್, ಎಟಿಎಂ, ಲಾಕರ್ ಕೊಡಲು ಭೇದ ಮಾಡಬೇಡಿ ಎಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಇಂಥ ತಕರಾರು ಎದುರಾದರೆ ಮೊದಲು ಹೋಗಬೇಕಾದದ್ದು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ. ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಫೋನ್ ಮಾಡಿ ಕೇಳಬಹುದು.

ನಮ್ಮ ಹೊಲದ ಕಥೆ ಹೀಗೆ ಮುಗಿಯಿತು. ಮರಡಿ ನೆಲಕ್ಕೆ ಬೆಲೆ ಕಡಿಮೆ ಎಂದು ತಮ್ಮನಿಗೆ ಅರ್ಧ ಎಕರೆ ಹೆಚ್ಚು ಕೊಟ್ಟು ಸರಿದೂಗಿಸಿದೆವು. ಅಣ್ಣ ಒಂದು ವಾರ ಮಾತು ಬಿಟ್ಟಿದ್ದ, ಆಮೇಲೆ ನಕ್ಷೆಗೆ ಅವನೇ ಓಡಾಡಿದ. ವಿಭಾಗ ಪತ್ರದ ದಿನ ನೋಂದಣಿ ಕಚೇರಿಯ ಅಧಿಕಾರಿ ನಮ್ಮನ್ನೆಲ್ಲ ಹಿಂದೆ ನಿಲ್ಲಿಸಿ, ತಮ್ಮನನ್ನು ಹತ್ತಿರ ಕರೆದು, ನಿನ್ನ ಹೊಲದಲ್ಲಿ ಏನಿದೆ ಎಂದು ಕೇಳಿದರು. ಬೇವಿನ ಮರ ಎಂದ. ಹೆಬ್ಬೆಟ್ಟು ಬಿತ್ತು.

ಬ್ಯಾಂಕಿನದು ಇನ್ನೂ ಬಗೆಹರಿದಿಲ್ಲ. 13ನೆಯ ಕಲಂ ಉಲ್ಲೇಖಿಸಿ ಅರ್ಜಿ ಕೊಟ್ಟಿದ್ದೇವೆ, ಮೇಲಿನವರನ್ನು ಕೇಳುತ್ತೇವೆ ಎಂದಿದ್ದಾರೆ. ಎರಡು ಸಾವಿರ ಯಾತಕ್ಕೆ ಎಂದು ಆಮೇಲೆ ತಮ್ಮನನ್ನೇ ಕೇಳಿದೆ. ಎಮ್ಮೆಗೆ ಗಂಟೆ ಮತ್ತು ಹೊಸ ಹಗ್ಗವಂತೆ. ನಾನು ಅಂದು ಬ್ಯಾಂಕಿನಲ್ಲಿ ಅವನ ಬಟ್ಟೆಗೆಂದು ಹೇಳಿದ್ದೆ. ಸೋಮವಾರ ಮತ್ತೆ ಹೋಗುತ್ತಿದ್ದೇವೆ.

ಈ ಸಲ ಕುರ್ಚಿಯಲ್ಲಿ ಅವನು ಕೂರುತ್ತಾನೆ, ನಾನು ಹಿಂದೆ ನಿಲ್ಲುತ್ತೇನೆ.